ಮಾತಿಲ್ಲದ ಸ್ವಲೀನತೆ: ಸಂವಹನ ಮತ್ತು ಸ್ನೇಹ

ರೂಢಿಯಲ್ಲಿ ಆಟಿಸಂ ಎನ್ನುವ ಸ್ವಲೀನತೆ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ, ಬದುಕಿನುದ್ದಕ್ಕೂ ಇರುವ ಸ್ಥಿತಿ. ಸ್ವಲೀನತೆಯುಳ್ಳ ಮಕ್ಕಳಲ್ಲಿ ನೂರಕ್ಕೆ ಸುಮಾರು 25ರಿಂದ 30 ಮಂದಿಗೆ ಶಾಲೆಯ ವಯಸ್ಸು ಬಂದರೂ ಬಾಯಿಮಾತು ಬರುವುದಿಲ್ಲ. ಬಂದರೂ ಕೆಲವೇ ಪದಗಳಿಗೆ ನಿಲ್ಲುತ್ತದೆ. ಈ ಸ್ಥಿತಿಗೆ ಮಾತಿಲ್ಲದ ಸ್ವಲೀನತೆ ಎನ್ನುತ್ತಾರೆ. ಇದು ಬೇರೆಯದೇ ಆದ ರೋಗನಿರ್ಣಯವಲ್ಲ, ಸ್ವಲೀನತೆಯೊಳಗೆ ಮಾತಿನ ಮಟ್ಟವನ್ನು ಹೇಳುವ ವಿವರಣೆ. ಮಾತಿಲ್ಲದವರು ಉಳಿದವರೊಡನೆ ಹೇಗೆ ವ್ಯವಹರಿಸುತ್ತಾರೆ, ಅವರಿಗೆ ಗೆಳೆಯರು ಹೇಗೆ ಸಿಗುತ್ತಾರೆ ಅಥವಾ ಏಕೆ ಸಿಗುವುದಿಲ್ಲ ಎಂಬುದನ್ನು ಈ ಲೇಖನ ಪರಿಚಯಿಸುತ್ತದೆ. ಭಾರತದಲ್ಲಿ ಈ ಕ್ಷೇತ್ರದ ಮುಖ್ಯ ಕೆಲಸ ನಡೆದ ನಗರಗಳಲ್ಲಿ ಚೆನ್ನೈ ಒಂದು. ಭಾರತೀಯ ಭಾಷೆಗಳಲ್ಲಿ ನುಡಿಯುವ ‘ಆವಾಜ್’ ಎಂಬ ಸಂವಹನ ಸಾಧನ ರೂಪುಗೊಂಡದ್ದು ಇಲ್ಲಿಯೇ. ಮೈಸೂರು ಮತ್ತು ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಪಾಲಿದೆ.

ಸ್ವರೂಪ

ಲಿಯೋ ಕ್ಯಾನರ್ ಅಮೆರಿಕದ ಬಾಲ್ಟಿಮೋರಿನಲ್ಲಿ 11 ಮಕ್ಕಳನ್ನು ಗಮನಿಸಿ 1943ರಲ್ಲಿ ಪ್ರಕಟಿಸಿದ ಪ್ರಬಂಧ ಸ್ವಲೀನತೆಯ ಅಧ್ಯಯನಕ್ಕೆ ಬುನಾದಿಯಾಯಿತು. ಆ 11 ಮಕ್ಕಳಲ್ಲಿ ಮೂವರಿಗೆ ಮಾತು ಬಂದಿರಲಿಲ್ಲ. ಮಾತು ಬಾರದಿರುವುದಕ್ಕೆ ಎಲ್ಲರಲ್ಲೂ ಒಂದೇ ಕಾರಣವಿಲ್ಲ. ಕೆಲವರಲ್ಲಿ ನಾಲಗೆ, ತುಟಿ, ದವಡೆಗಳ ಚಲನೆಯನ್ನು ಮಿದುಳು ಯೋಜಿಸಿ ನಡೆಸುವುದರಲ್ಲೇ ತೊಡಕಿರುತ್ತದೆ. ಕೆಲವರಿಗೆ ಭಾಷೆಯನ್ನು ಗ್ರಹಿಸುವುದೇ ಕಷ್ಟ. ಇನ್ನು ಕೆಲವರಲ್ಲಿ ಬೌದ್ಧಿಕ ಅಂಗವೈಕಲ್ಯ, ಮೂರ್ಛೆರೋಗ ಅಥವಾ ಶ್ರವಣದೋಷ ಕೂಡಿಕೊಂಡಿರುತ್ತದೆ. ಆದ್ದರಿಂದ ಮಾತು ತಡವಾದ ಮಗುವಿನ ಕಿವಿಯನ್ನು ಮೊದಲು ಪರೀಕ್ಷಿಸಬೇಕೆಂಬುದು ವೈದ್ಯರ ಸಾಮಾನ್ಯ ಕ್ರಮ.

ಆಡುವ ಮಾತಿನಿಂದ ತಿಳಿವಳಿಕೆಯನ್ನು ಅಳೆಯಲಾಗದು. ಬುದ್ಧಿಯ ಪರೀಕ್ಷೆಗಳು ಬಹುಮಟ್ಟಿಗೆ ಪ್ರಶ್ನೆಗೆ ಉತ್ತರ ಹೇಳುವುದನ್ನು, ಚಿತ್ರವನ್ನು ಬೆರಳಿಟ್ಟು ತೋರಿಸುವುದನ್ನು, ಹೇಳಿದ ಕ್ಷಣದಲ್ಲಿ ಮಾಡಿ ತೋರಿಸುವುದನ್ನು ಅಪೇಕ್ಷಿಸುತ್ತವೆ. ಈ ಮೂರೂ ಮಾತಿಲ್ಲದ ಮಕ್ಕಳಿಗೆ ತ್ರಾಸದವು. ಹೀಗಾಗಿ ಅಂಕ ಕಡಿಮೆ ಬಂದಿತೆಂದರೆ ಅರ್ಥವಾಗಿಲ್ಲವೆಂದೇ ತೀರ್ಮಾನಿಸುವಂತಿಲ್ಲ. ಎಲ್ಲವೂ ಅರ್ಥವಾಗುತ್ತದೆಂದು ಊಹಿಸುವುದಕ್ಕೂ ಆಧಾರ ಸಾಲದು. ಪ್ರತಿ ಮಗುವಿನ ಗ್ರಹಿಕೆಯನ್ನು ಬೇರೆಬೇರೆ ಸಂದರ್ಭಗಳಲ್ಲಿ, ಬೇರೆಬೇರೆ ದಾರಿಯಲ್ಲಿ ನೋಡಿ ತಿಳಿಯಬೇಕಾಗುತ್ತದೆ.

ಮಾತಿಲ್ಲದ ಮಗು ಸಂವಹನವಿಲ್ಲದ ಮಗುವಲ್ಲ. ಅಮ್ಮನ ಕೈ ಹಿಡಿದು ಫ್ರಿಜ್ಜಿನ ಬಳಿಗೆ ಎಳೆಯುವುದು, ತಟ್ಟೆಯನ್ನು ದೂರ ತಳ್ಳುವುದು, ಹೊರಗೆ ಹೋಗಬೇಕಾದಾಗ ಚಪ್ಪಲಿ ತಂದು ಮುಂದಿಡುವುದು ಎಲ್ಲವೂ ಸಂದೇಶಗಳೇ. ಕಿರುಚಾಟ, ತಲೆ ಚಚ್ಚಿಕೊಳ್ಳುವುದು, ಓಡಿಹೋಗುವುದರ ಹಿಂದೆಯೂ ಹಲವು ಬಾರಿ ಹೇಳಲಾಗದ ನೋವು, ಸದ್ದಿನ ಹಿಂಸೆ ಅಥವಾ ‘ಬೇಡ’ ಎಂಬ ಮಾತು ಇರುತ್ತದೆ. ಹಲ್ಲುನೋವು, ಮಲಬದ್ಧತೆಯಂಥ ಸಣ್ಣ ತೊಂದರೆಗಳೂ ಹೇಳಲು ದಾರಿಯಿಲ್ಲದೆ ವಾರಗಟ್ಟಲೆ ‘ಹಟ’ ಎನಿಸಿಕೊಳ್ಳುವುದುಂಟು.

ಸಂವಹನದ ಉದ್ದೇಶಗಳು

ವಿದ್ವಾಂಸೆ ಜಾನಿಸ್ ಲೈಟ್ 1988ರಲ್ಲಿ ಸಂವಹನದ ಉದ್ದೇಶಗಳನ್ನು ನಾಲ್ಕಾಗಿ ವಿಂಗಡಿಸಿದರು: ಬೇಕು ಬೇಡಗಳನ್ನು ಹೇಳುವುದು, ವಿಷಯ ತಿಳಿಸುವುದು, ಇನ್ನೊಬ್ಬರೊಡನೆ ಆಪ್ತತೆ ಬೆಳೆಸುವುದು, ಸಾಮಾಜಿಕ ಮರ್ಯಾದೆಯನ್ನು ಪಾಲಿಸುವುದು. ಮಾತಿಲ್ಲದ ಮಕ್ಕಳ ತರಬೇತಿ ಹೆಚ್ಚಾಗಿ ಮೊದಲನೆಯದರಿಂದ ಆರಂಭವಾಗಿ ಅಲ್ಲಿಯೇ ಮುಗಿದುಬಿಡುತ್ತದೆ. ನೀರು, ಬಿಸ್ಕತ್ತು, ಶೌಚಾಲಯ, ಮೊಬೈಲು ಎಂಬ ಚಿತ್ರಗಳಿರುವ ಹಲಗೆಯಿಂದ ಹಸಿವು ನೀಗುತ್ತದೆ, ಗೆಳೆತನ ಹುಟ್ಟುವುದಿಲ್ಲ. ಮಕ್ಕಳು ಗೆಳೆಯರಾಗುವುದು ರೇಗಿಸುವುದರಿಂದ, ಗುಟ್ಟು ಹೇಳುವುದರಿಂದ, ಸುಮ್ಮನೆ ‘ನೋಡಿಲ್ಲಿ’ ಎನ್ನುವುದರಿಂದ, ಜಗಳವಾಡಿ ಮತ್ತೆ ಮಾತಾಡಿಸುವುದರಿಂದ. ಹಲಗೆಯಲ್ಲಿ ಈ ಮಾತುಗಳಿಗೆ ಜಾಗವಿದೆಯೇ ಎಂಬುದೇ ಸ್ನೇಹದ ದೃಷ್ಟಿಯಿಂದ ಮುಖ್ಯ ಪ್ರಶ್ನೆ.

ಸಾಧನಗಳು ಮತ್ತು ಕಲಿಕೆ

ಬಾಯಿಮಾತಿಗೆ ಪೂರಕವಾಗಿ ಇಲ್ಲವೇ ಬದಲಾಗಿ ಬಳಸುವ ವಿಧಾನಗಳಿಗೆ ಒಟ್ಟಾಗಿ ಪೂರಕ ಮತ್ತು ಪರ್ಯಾಯ ಸಂವಹನವೆಂದು ಹೆಸರು. ಚಿಕಿತ್ಸಕರು ಚುಟುಕಾಗಿ ‘ಎಎಸಿ’ ಎನ್ನುತ್ತಾರೆ. ಕೈಸನ್ನೆ, ವಸ್ತುಗಳನ್ನೇ ಗುರುತಾಗಿ ಬಳಸುವುದು, ಚಿತ್ರದ ಹಲಗೆ, ಚಿತ್ರದ ಪುಸ್ತಕ, ಅಕ್ಷರದ ಹಲಗೆ, ಒಂದೇ ಗುಂಡಿಯ ಧ್ವನಿಯಂತ್ರ, ಟ್ಯಾಬ್ಲೆಟ್ ಆ್ಯಪ್ ಎಲ್ಲವೂ ಇದರಲ್ಲಿ ಸೇರುತ್ತವೆ. ಚಾರ್ಲ್ಸ್ ಬ್ಲಿಸ್ 1949ರಲ್ಲಿ ಪ್ರಕಟಿಸಿದ ಸಂಕೇತಲಿಪಿಯನ್ನು 1971ರಲ್ಲಿ ಟೊರಾಂಟೊದ ಅಂಗವಿಕಲ ಮಕ್ಕಳ ಕೇಂದ್ರವೊಂದು ಬಳಕೆಗೆ ತಂದದ್ದು ಈ ಕ್ಷೇತ್ರದ ಆರಂಭದ ಘಟ್ಟ. ಆ್ಯಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದ ಚಿತ್ರ ವಿನಿಮಯ ಪದ್ಧತಿ ಸ್ವಲೀನತೆಯ ಶಾಲೆಗಳಲ್ಲಿ ವ್ಯಾಪಕವಾಗಿ ಹರಡಿತು. ಇದರಲ್ಲಿ ಮಗು ತನಗೆ ಬೇಕಾದುದರ ಚಿತ್ರವನ್ನು ಎದುರಿನವರ ಕೈಗೆ ಕೊಟ್ಟು ವಸ್ತುವನ್ನು ಪಡೆಯುತ್ತದೆ. ಸಂದೇಶವೆಂದರೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಂಥದ್ದು ಎಂಬುದನ್ನು ಕಲಿಸುವುದು ಇದರ ಬಲ. ಕೇಳುವುದಕ್ಕಷ್ಟೇ ಸೀಮಿತವಾಗಿಬಿಡುವುದು ಇದರ ಅಪಾಯ.

ಸಾಧನವನ್ನು ಕೈಗಿತ್ತ ಮಾತ್ರಕ್ಕೆ ಮಗು ಅದನ್ನು ಬಳಸುವುದಿಲ್ಲ. ಮಾತು ಕಲಿಯುವ ಕೂಸು ಮೊದಲ ಪದ ಆಡುವ ಮುನ್ನ ವರ್ಷಕಾಲ ಸುತ್ತಲಿನವರ ಮಾತನ್ನು ಕೇಳಿರುತ್ತದೆ. ಹಾಗೆಯೇ ಚಿತ್ರದ ಮೂಲಕ ಮಾತಾಡಬೇಕಾದ ಮಗುವಿನ ಎದುರು ಮನೆಯವರೂ ಶಿಕ್ಷಕರೂ ತಾವೇ ಚಿತ್ರಗಳನ್ನು ಒತ್ತುತ್ತ ಮಾತಾಡಬೇಕು. ‘ಬಾ, ಆಡೋಣ’ ಎನ್ನುವಾಗ ಬಾಯಲ್ಲಿ ಹೇಳುತ್ತಲೇ ‘ಆಟ’ದ ಚಿತ್ರ ಒತ್ತುವುದು ಇದರ ಸರಳ ರೂಪ. ಮಗು ಮರುನುಡಿಯಲೇಬೇಕೆಂಬ ಒತ್ತಾಯವಿಲ್ಲದೆ ತಿಂಗಳುಗಟ್ಟಲೆ ಇದು ನಡೆಯಬೇಕಾಗುತ್ತದೆ. ಸಾಧನ ಯಾವಾಗಲೂ ಕೈಗೆಟುಕುವಂತಿರಬೇಕು. ಹಟ ಮಾಡಿದ್ದಕ್ಕೆ ಶಿಕ್ಷೆಯಾಗಿ ಟ್ಯಾಬ್ಲೆಟ್ಟನ್ನು ಕಸಿದುಕೊಂಡರೆ ಕಸಿದದ್ದು ಬಾಯಿಯನ್ನೇ.

ಚಿತ್ರ ತೋರಿಸಿ ಅಭ್ಯಾಸವಾದರೆ ಬರುವ ಮಾತೂ ನಿಂತುಹೋದೀತು ಎಂಬ ಭಯ ತಂದೆತಾಯಿಯರಲ್ಲಿ ಸಾಮಾನ್ಯ. 2006 ಮತ್ತು 2008ರಲ್ಲಿ ಪ್ರಕಟವಾದ ಎರಡು ಪ್ರಮುಖ ಸಮೀಕ್ಷೆಗಳು ಇದಕ್ಕೆ ಆಧಾರವಿಲ್ಲವೆಂದು ತೋರಿಸಿವೆ. ಕೆಲವು ಮಕ್ಕಳಲ್ಲಿ ಮಾತು ಸ್ವಲ್ಪ ಹೆಚ್ಚಿದೆ, ಕಡಿಮೆಯಾದ ನಿದರ್ಶನವಿಲ್ಲ. ಕ್ಯಾಲಿಫೋರ್ನಿಯಾದ ಕಾನಿ ಕಸಾರಿ ಮತ್ತು ಸಂಗಡಿಗರು 5ರಿಂದ 8 ವರ್ಷದ 61 ಮಕ್ಕಳೊಡನೆ ಅಧ್ಯಯನ ನಡೆಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಟದ ಮೂಲಕ ಕಲಿಸುವ ಚಿಕಿತ್ಸೆಗೆ ಮೊದಲಿನಿಂದಲೇ ಧ್ವನಿ ಸಾಧನವನ್ನು ಸೇರಿಸಿದ ಮಕ್ಕಳು ಉಳಿದವರಿಗಿಂತ ಹೆಚ್ಚಾಗಿ ತಾವಾಗಿಯೇ ಸಂವಹನಕ್ಕೆ ತೊಡಗಿದರು.

ಚೆನ್ನೈಯ ಸಂಸ್ಥೆಗಳು

ಮದರಾಸಿನಲ್ಲಿ ಬೌದ್ಧಿಕ ಅಂಗವೈಕಲ್ಯವುಳ್ಳ ಮಕ್ಕಳ ಶಿಕ್ಷಣ 1950ರ ದಶಕದಷ್ಟು ಹಳೆಯದು. ಗಿಲ್ಡ್ ಆಫ್ ಸರ್ವಿಸ್ ಸಂಸ್ಥೆಯ ಬಾಲ ವಿಹಾರ್ ಆ ಕಾಲದ್ದು. ಸ್ವಲೀನತೆಯನ್ನು ಪ್ರತ್ಯೇಕವಾಗಿ ಗುರುತಿಸಿ ಕೆಲಸ ಆರಂಭವಾದದ್ದು ಬಹಳ ತಡವಾಗಿ. ಇಡೀ ದೇಶದಲ್ಲಿ ಪರ್ಯಾಯ ಸಂವಹನದ ಮೊದಲ ಪ್ರಯೋಗಗಳು ಸೆರಬ್ರಲ್ ಪಾಲ್ಸಿ, ಅಂದರೆ ಮಿದುಳಿನ ಹಾನಿಯಿಂದ ದೇಹದ ಚಲನೆಗೆ ತೊಡಕು, ಇರುವ ಮಕ್ಕಳ ಶಾಲೆಗಳಲ್ಲಿ ನಡೆದವು. ಕೋಲ್ಕತ್ತದಲ್ಲಿ ಸುಧಾ ಕೌಲ್ ಕಟ್ಟಿದ ಸಂಸ್ಥೆ ಇದರಲ್ಲಿ ಮುಂದಾಳು. ಚೆನ್ನೈಯಲ್ಲಿ ಆ ಸ್ಥಾನ ವಿದ್ಯಾಸಾಗರಕ್ಕೆ ಸಲ್ಲುತ್ತದೆ. ಪೂನಂ ನಟರಾಜನ್ 1985ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿಯ ಹೆಸರಿನಲ್ಲಿ ಆರಂಭಿಸಿದ ಈ ಸಂಸ್ಥೆ ಈಗ ಕೊಟ್ಟೂರುಪುರದಲ್ಲಿದೆ. ನಟರಾಜನ್ ಮುಂದೆ, ಸ್ವಲೀನತೆ ಮುಂತಾದ ಅಂಗವೈಕಲ್ಯವುಳ್ಳವರಿಗಾಗಿ ಇರುವ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ಅಧ್ಯಕ್ಷೆಯೂ ಆದರು. ಸೆರಬ್ರಲ್ ಪಾಲ್ಸಿಯುಳ್ಳ ಹಲವು ಮಕ್ಕಳಿಗೆ ಹೇಳಬೇಕೆಂಬ ಮಾತಿದ್ದರೂ ಬಾಯಿಯ ಸ್ನಾಯುಗಳು ಒದಗುವುದಿಲ್ಲ. ಅವರಿಗಾಗಿ ಬೆಳೆದ ಹಲಗೆ, ಪುಸ್ತಕ, ಯಂತ್ರಗಳೇ ಕ್ರಮೇಣ ಸ್ವಲೀನತೆಯ ಮಕ್ಕಳ ಕೈಗೂ ಬಂದವು.

ಕೇಂದ್ರ ಸರ್ಕಾರವು 2005ರಲ್ಲಿ ಪೂರ್ವ ಕರಾವಳಿ ರಸ್ತೆಯ ಮುಟ್ಟುಕಾಡಿನಲ್ಲಿ ಬಹು ಅಂಗವೈಕಲ್ಯವುಳ್ಳವರ ಸಬಲೀಕರಣದ ರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸಿತು. ತರಮಣಿಯ ತಮಿಳುನಾಡು ಸ್ಪಾಸ್ಟಿಕ್ಸ್ ಸೊಸೈಟಿ, ಸಂಕಲ್ಪ್, ವಿ-ಎಕ್ಸೆಲ್ ಮುಂತಾದ ಖಾಸಗಿ ಮತ್ತು ಸೇವಾ ಸಂಸ್ಥೆಗಳು ನಗರದಲ್ಲಿವೆ. ಪೋರೂರಿನ ಶ್ರೀ ರಾಮಚಂದ್ರ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ ವಾಕ್ ಶ್ರವಣ ಚಿಕಿತ್ಸಕರನ್ನು ತರಬೇತುಗೊಳಿಸುತ್ತದೆ.

ಆವಾಜ್

ಐಐಟಿ ಮದ್ರಾಸಿನ ಪದವೀಧರ ಅಜಿತ್ ನಾರಾಯಣನ್ ಚೆನ್ನೈಯಲ್ಲಿ ಇನ್ವೆನ್ಷನ್ ಲ್ಯಾಬ್ಸ್ ಎಂಬ ಕಂಪನಿ ಕಟ್ಟಿ, ವಿದ್ಯಾಸಾಗರದ ಮಕ್ಕಳು ಮತ್ತು ಶಿಕ್ಷಕರ ಒಡನಾಟದಲ್ಲಿ ಆವಾಜ್ ಸಾಧನವನ್ನು ರೂಪಿಸಿದರು. ಆಗ ಹೊರದೇಶದ ಧ್ವನಿ ಸಾಧನಗಳಿಗೆ ಲಕ್ಷಗಟ್ಟಲೆ ರೂಪಾಯಿ ತೆರಬೇಕಿತ್ತು, ಮೇಲಾಗಿ ಅವು ಭಾರತೀಯ ಭಾಷೆಗಳನ್ನು ನುಡಿಯುತ್ತಿರಲಿಲ್ಲ. ಆವಾಜ್ ಮೊದಲು ಪ್ರತ್ಯೇಕ ಯಂತ್ರವಾಗಿ ಬಂತು. ಬೆರಳಿನಿಂದ ಒತ್ತಲಾಗದವರು ತಲೆ ಅಥವಾ ಕೈಯ ಅಲ್ಪ ಚಲನೆಯಿಂದಲೂ ಪದ ಆರಿಸಬಹುದಿತ್ತು. 2010ರ ದಶಕದ ಆರಂಭದಲ್ಲಿ ಟ್ಯಾಬ್ಲೆಟ್‌ಗಳು ಅಗ್ಗವಾದಾಗ ಅದು ಆ್ಯಪ್ ಆಗಿ ಮಾರ್ಪಟ್ಟಿತು. ಸ್ವಲೀನತೆಯ ಮಕ್ಕಳು ಅದರ ಮುಖ್ಯ ಬಳಕೆದಾರರಾದರು. ಅಮೆರಿಕದ ಎಂಐಟಿಯ ಟೆಕ್ನಾಲಜಿ ರಿವ್ಯೂ ಪತ್ರಿಕೆ 2011ರಲ್ಲಿ 35 ವರ್ಷದೊಳಗಿನ ಹೊಸ ಶೋಧಕರ ಪಟ್ಟಿಗೆ ನಾರಾಯಣನ್ ಅವರನ್ನು ಸೇರಿಸಿತು. ಆವಾಜ್ ಈಗ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಲಭ್ಯ. ಐಐಟಿ ಬಾಂಬೆಯ ‘ಜೆಲ್ಲೋ’, ಐಐಟಿ ಖರಗಪುರದ ‘ಸನ್ಯೋಗ್’ ಇದೇ ಬಗೆಯ ಇತರ ಭಾರತೀಯ ಪ್ರಯತ್ನಗಳು.

ಸ್ವಲೀನತೆಯ ಮಕ್ಕಳಿಗೆ ಬಿಡಿ ಪದ ಸುಲಭ, ಪದಗಳನ್ನು ಹೆಣೆದು ವಾಕ್ಯ ಮಾಡುವುದು ಕಷ್ಟ ಎಂಬುದನ್ನು ನಾರಾಯಣನ್ ಗಮನಿಸಿದ್ದರು. ಯಾರು, ಏನು, ಯಾವಾಗ, ಎಲ್ಲಿ ಎಂಬ ಪ್ರಶ್ನೆಗಳ ಕೊಂಡಿಯಲ್ಲಿ ಚಿತ್ರಗಳನ್ನು ಜೋಡಿಸಿದರೆ ಯಂತ್ರವೇ ವ್ಯಾಕರಣಬದ್ಧ ವಾಕ್ಯ ಕಟ್ಟುವ ‘ಫ್ರೀಸ್ಪೀಚ್’ ಎಂಬ ವಿಧಾನವನ್ನು ಅವರು 2013ರ ಟೆಡ್ ಸಮ್ಮೇಳನದಲ್ಲಿ ವಿವರಿಸಿದರು. ಪದಗಳ ಸರದಿಯನ್ನು ಮಗು ಕಲಿಯಬೇಕಿಲ್ಲ, ಸಂಬಂಧವನ್ನು ತೋರಿಸಿದರೆ ಸಾಕು ಎಂಬುದು ಅದರ ತಿರುಳು.

ಕನ್ನಡ, ತಮಿಳು ಮತ್ತು ಚಿತ್ರದ ಹಲಗೆ

ಇಂಗ್ಲಿಷಿನ ಅಚ್ಚಿನಲ್ಲಿ ತಯಾರಾದ ಚಿತ್ರದ ಹಲಗೆ ದ್ರಾವಿಡ ಭಾಷೆಗಳಿಗೆ ನೇರವಾಗಿ ಒಗ್ಗುವುದಿಲ್ಲ. ‘ನಾನು’, ‘ನೀರು’, ‘ಬೇಕು’ ಎಂಬ ಮೂರು ಚಿತ್ರಗಳನ್ನು ಸರದಿಯಾಗಿ ಒತ್ತಿದಾಗ ಯಂತ್ರ ‘ನಾನು ನೀರು ಬೇಕು’ ಎಂದರೆ ಅದು ಕನ್ನಡವಾಗದು. ‘ನನಗೆ ನೀರು ಬೇಕು’ ಆಗಬೇಕು. ತಮಿಳಿನಲ್ಲೂ ‘ಎನಕ್ಕು ತಣ್ಣಿ ವೇಣುಂ’ ಎಂದೇ ಆಗಬೇಕು. ಊರು, ಊರಿಗೆ, ಊರಿಂದ, ಊರಲ್ಲಿ ಎಂದು ಒಂದೇ ಚಿತ್ರಕ್ಕೆ ಹಲವು ರೂಪ. ಬಂದೆ, ಬಂದಳು, ಬಂದರು ಎಂದು ಕ್ರಿಯಾಪದಕ್ಕೆ ಮತ್ತೆ ಹಲವು. ಎಲ್ಲ ರೂಪಗಳಿಗೂ ಗುಂಡಿ ಕೊಟ್ಟರೆ ಪರದೆ ತುಂಬಿಹೋಗುತ್ತದೆ, ಕೊಡದಿದ್ದರೆ ಮಗುವಿನ ಮಾತು ಸೊಟ್ಟಗೆ ಕೇಳುತ್ತದೆ. ಪ್ರತ್ಯಯವನ್ನು ಯಂತ್ರವೇ ಹಚ್ಚುವಂತೆ ಮಾಡುವುದು, ಆಗಾಗ ಬೇಕಾಗುವ ‘ನನಗೆ’, ‘ನಂದು’, ‘ನನ್ನ ಜೊತೆ’ಗಳನ್ನು ಇಡಿಯಾಗಿ ಒಂದೇ ಗುಂಡಿಗೆ ಸೇರಿಸುವುದು ಬಳಕೆಯಲ್ಲಿರುವ ಪರಿಹಾರಗಳು.

ಸ್ನೇಹಕ್ಕೆ ಇನ್ನೂ ಹತ್ತಿರದ ತೊಡಕು ಮರ್ಯಾದೆಯ ರೂಪಗಳದ್ದು. ಅಜ್ಜಿಯನ್ನು ‘ಬನ್ನಿ’ ಎಂದು ಕರೆಯುವ ಗುಂಡಿಯಿಂದ ಸಹಪಾಠಿಯನ್ನೂ ‘ಬನ್ನಿ’ ಎಂದರೆ ಅವನು ನಕ್ಕುಬಿಡುತ್ತಾನೆ. ಗೆಳೆಯನನ್ನು ಕರೆಯಲು ‘ಬಾರೋ’, ಗೆಳತಿಗೆ ‘ಬಾರೇ’, ರೇಗಿಸಲು ‘ಹೋಗೋ’ ಬೇಕು. ಚೆನ್ನೈಯ ಬೀದಿಯಲ್ಲಿ ‘ಡಾ’, ‘ಮಚ್ಚಾ’ ಇಲ್ಲದೆ ಹುಡುಗರ ಮಾತು ಸಾಗುವುದಿಲ್ಲ. ಗ್ರಾಂಥಿಕ ಭಾಷೆಯಲ್ಲಿ, ವಯಸ್ಕರ ಧ್ವನಿಯಲ್ಲಿ ನುಡಿಯುವ ಸಾಧನ ಮಗುವನ್ನು ವಾರ್ತಾವಾಚಕನನ್ನಾಗಿ ಮಾಡುತ್ತದೆ. ಅಣ್ಣನೋ ಅಕ್ಕನೋ ಪಕ್ಕದ ಮನೆಯ ಹುಡುಗನೋ ತಮ್ಮ ದನಿಯಲ್ಲಿ ಇಂಥ ಮಾತುಗಳನ್ನು ಮುದ್ರಿಸಿಕೊಡುವುದು ಸರಳ ಉಪಾಯ.

ಚೆನ್ನೈಯ ಕನ್ನಡ ಕುಟುಂಬಗಳಲ್ಲಿ ಮಗು ಮನೆಯಲ್ಲಿ ಕನ್ನಡ, ಹೊರಗೆ ತಮಿಳು, ಚಿಕಿತ್ಸೆಯಲ್ಲಿ ಇಂಗ್ಲಿಷ್ ಕೇಳುತ್ತದೆ. ಮಾತು ಬಾರದ ಮಗುವಿಗೆ ಒಂದೇ ಭಾಷೆ ಸಾಕೆಂದು, ಅದೂ ಇಂಗ್ಲಿಷೇ ಇರಲೆಂದು ಸಲಹೆ ಪಡೆದು ಮನೆಮಾತನ್ನು ಕೈಬಿಟ್ಟ ಮನೆಗಳಿವೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಸ್ವಲೀನತೆಯ ಮಕ್ಕಳ ಭಾಷೆಗೆ ಹಾನಿಯಿಲ್ಲವೆಂದು ಹಲವು ಸಮೀಕ್ಷೆಗಳು ತಿಳಿಸಿವೆ. ಮನೆಮಾತು ಬಿಟ್ಟಾಗ ಅಜ್ಜ ಅಜ್ಜಿಯರೂ ಸೋದರ ಸಂಬಂಧಿಗಳೂ ಮಗುವಿನ ಮಾತಿನ ವಲಯದಿಂದ ಹೊರಗುಳಿಯುತ್ತಾರೆ. ಮಾತು ಕಡಿಮೆಯಿರುವ ಮಗುವಿಗೆ ಅದು ದೊಡ್ಡ ನಷ್ಟ.

ಕರ್ನಾಟಕದ ಪಾಲು

1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದಕ್ಷಿಣ ಭಾರತದ ವಾಕ್ ಚಿಕಿತ್ಸಕರ ಹಲವು ತಲೆಮಾರುಗಳನ್ನು ತಯಾರುಮಾಡಿತು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಪ್ರತಿಭಾ ಕಾರಂತ ಬೆಂಗಳೂರಿನಲ್ಲಿ ಕಾಮ್‌ಡೀಲ್ ಟ್ರಸ್ಟ್ ಕಟ್ಟಿ, ಎಳೆಯ ವಯಸ್ಸಿನಲ್ಲಿಯೇ ಸಂವಹನ ಕಲಿಸಿ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸಜ್ಜುಗೊಳಿಸುವ ಕಾರ್ಯಕ್ರಮವನ್ನು ರೂಪಿಸಿದರು. ಜಯಶ್ರೀ ರಮೇಶ್ 1995ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಆಶಾ’ ಸ್ವಲೀನತೆಗೆಂದೇ ಮೀಸಲಾದ ಮೊದಲ ಸಂಸ್ಥೆಗಳಲ್ಲೊಂದು.

ಮಾತಿಲ್ಲದ ಸ್ವಲೀನತೆಯ ಜಾಗತಿಕ ಚರ್ಚೆಯಲ್ಲಿ ಕರ್ನಾಟಕದ ಹೆಸರು ಬರಲು ಕಾರಣ ತೀತೋ ರಾಜರ್ಷಿ ಮುಖೋಪಾಧ್ಯಾಯ. 1980ರ ದಶಕದ ಕೊನೆಯಲ್ಲಿ ಹುಟ್ಟಿ, ಬಾಲ್ಯದ ಬಹುಭಾಗವನ್ನು ಮೈಸೂರು ಬೆಂಗಳೂರುಗಳಲ್ಲಿ ಕಳೆದ ಅವರಿಗೆ ತಾಯಿ ಸೋಮಾ ಅಕ್ಷರದ ಹಲಗೆ ತೋರಿಸುತ್ತ, ಬಿಡುವಿಲ್ಲದೆ ಪ್ರಶ್ನೆ ಕೇಳುತ್ತ ಬರವಣಿಗೆ ಕಲಿಸಿದರು. ಬಾಲ್ಯದಲ್ಲಿಯೇ ಬರೆದ ಅವರ ‘ಬಿಯಾಂಡ್ ದ ಸೈಲೆನ್ಸ್’ ಪುಸ್ತಕವನ್ನು ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ 2000ದಲ್ಲಿ ಪ್ರಕಟಿಸಿತು. 2001ರಲ್ಲಿ ತಾಯಿ ಮಗ ಅಮೆರಿಕಕ್ಕೆ ತೆರಳಿದರು. ತೀತೋ ಯಾರ ಆಸರೆಯೂ ಇಲ್ಲದೆ ಕೈಯಿಂದ ಬರೆಯಬಲ್ಲರೆಂಬುದನ್ನು ಅವರನ್ನು ಕಂಡ ವಿಜ್ಞಾನಿಗಳು ದಾಖಲಿಸಿದ್ದಾರೆ.

ವಿವಾದಿತ ವಿಧಾನಗಳು

ಸೋಮಾ ಮುಖೋಪಾಧ್ಯಾಯರ ಪದ್ಧತಿ ಬೇರೆ ಮಕ್ಕಳಿಗೂ ಹರಡಿದಾಗ, ಬರೆಯುತ್ತಿರುವವರು ನಿಜವಾಗಿ ಯಾರು ಎಂಬ ತಕರಾರು ಎದ್ದಿತು. ಇದಕ್ಕೂ ಮೊದಲು ಆಸ್ಟ್ರೇಲಿಯಾದಲ್ಲಿ ರೋಸ್ಮರಿ ಕ್ರಾಸ್ಲಿ ಆರಂಭಿಸಿದ, ಸಹಾಯಕರು ಕೈ ಹಿಡಿದು ಟೈಪ್ ಮಾಡಿಸುವ ಪದ್ಧತಿ 1990ರ ದಶಕದಲ್ಲಿ ಅಮೆರಿಕದಲ್ಲಿ ಜನಪ್ರಿಯವಾಗಿತ್ತು. ಅದನ್ನು ಪರೀಕ್ಷಿಸಿದ ಬಗೆ ಸರಳ: ಮಗುವಿಗೆ ಒಂದು ಚಿತ್ರ, ಸಹಾಯಕರಿಗೆ ಬೇರೊಂದು ಚಿತ್ರ ತೋರಿಸಿ, ಏನು ಕಂಡೆ ಎಂದು ಕೇಳುವುದು. ಹಾಳೆಯ ಮೇಲೆ ಮತ್ತೆಮತ್ತೆ ಮೂಡಿದ್ದು ಸಹಾಯಕರು ಕಂಡ ಚಿತ್ರದ ಹೆಸರು. ಸಹಾಯಕರು ಅರಿವಿಲ್ಲದೆ ತಾವೇ ಬರೆಯುತ್ತಿದ್ದರೆಂದು ಇದರಿಂದ ತಿಳಿಯಿತು. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಈ ಪದ್ಧತಿಯನ್ನೂ, ಸೋಮಾ ಅವರ ಪದ್ಧತಿಯನ್ನೂ ಬಳಸಕೂಡದೆಂದು ಹೇಳಿಕೆ ಹೊರಡಿಸಿತು. ಈ ಪದ್ಧತಿಗಳಿಂದ ತಮ್ಮ ಮಕ್ಕಳಿಗೆ ದಾರಿ ತೆರೆಯಿತೆನ್ನುವ ಕುಟುಂಬಗಳು ಭಾರತದಲ್ಲೂ ಇವೆ, ಚರ್ಚೆ ಮುಂದುವರಿದಿದೆ. ಆದರೆ ಮಾತು ಯಾರದೆಂಬುದು ಖಚಿತವಿಲ್ಲದಿದ್ದರೆ ಗೆಳೆತನ ಯಾರೊಡನೆ ಎಂಬುದೂ ಖಚಿತವಿಲ್ಲ. ಇನ್ನೊಬ್ಬರು ಕೈ ಮುಟ್ಟದೆ, ಹಲಗೆಯನ್ನು ಆಡಿಸದೆ ಬಳಸಬಹುದಾದ ಸಾಧನದ ಕಡೆಗೆ ಸಾಗುವುದನ್ನೇ ಬಹುಪಾಲು ತಜ್ಞರು ಗುರಿಯಾಗಿ ಇಟ್ಟುಕೊಳ್ಳುತ್ತಾರೆ.

ಸ್ನೇಹ

ಸ್ವಲೀನತೆಯುಳ್ಳವರಿಗೆ ಒಂಟಿತನವೇ ಇಷ್ಟ ಎಂಬುದು ಹಳೆಯ ನಂಬಿಕೆ. ನಿರಿತ್ ಬೌಮಿಂಗರ್ ಮತ್ತು ಕಾನಿ ಕಸಾರಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ವಲೀನತೆಯ ಮಕ್ಕಳು ತಮ್ಮ ಓರಗೆಯವರಿಗಿಂತ ಹೆಚ್ಚು ಒಂಟಿತನ ಅನುಭವಿಸುತ್ತಿದ್ದುದು ಕಂಡುಬಂತು. ಆ ಮಕ್ಕಳಿಗೆ ಮಾತಿತ್ತು. ಮಾತಿಲ್ಲದವರ ಒಂಟಿತನವನ್ನು ಅವರಿಂದಲೇ ಕೇಳಿ ತಿಳಿಯುವ ಸಂಶೋಧನೆ ಇಂದಿಗೂ ವಿರಳ.

ಸಾರಾ ಬ್ಲ್ಯಾಕ್‌ಸ್ಟೋನ್ ಮತ್ತು ಸಂಗಡಿಗರು 2003ರಲ್ಲಿ ಒಬ್ಬರ ಸಂವಹನ ಸಂಗಾತಿಗಳನ್ನು ಐದು ವರ್ತುಲಗಳಾಗಿ ಗುರುತಿಸುವ ಪಟ್ಟಿಯನ್ನು ರೂಪಿಸಿದರು: ಮನೆಯವರು, ಆಪ್ತ ಗೆಳೆಯರು, ಪರಿಚಿತರು, ಸಂಬಳ ಪಡೆದು ಜೊತೆಗಿರುವವರು, ಅಪರಿಚಿತರು. ಮಾತಿಲ್ಲದ ಅನೇಕರ ಪಟ್ಟಿಯಲ್ಲಿ ಮೊದಲನೆಯ ಮತ್ತು ನಾಲ್ಕನೆಯ ವರ್ತುಲ ತುಂಬಿರುತ್ತವೆ, ಎರಡನೆಯದು ಖಾಲಿ. ಚೆನ್ನೈಯಂಥ ನಗರದಲ್ಲಿ ಬೆಳಿಗ್ಗೆ ವಿಶೇಷ ಶಾಲೆ, ಮಧ್ಯಾಹ್ನ ವಾಕ್ ಚಿಕಿತ್ಸೆ, ಸಂಜೆ ಆಕ್ಯುಪೇಷನಲ್ ಥೆರಪಿ ಎಂದು ಆಟೋದಲ್ಲಿ ಓಡಾಡುವ ಮಗು ದಿನವಿಡೀ ದೊಡ್ಡವರೊಡನೆಯೇ ಇರುತ್ತದೆ. ಗೆಳೆಯರಾಗುವುದಕ್ಕೆ ಬೇಕಾದ, ಕೆಲಸವಿಲ್ಲದ ಹೊತ್ತು ಅದರ ವೇಳಾಪಟ್ಟಿಯಲ್ಲಿ ಇರುವುದಿಲ್ಲ.

ಸ್ವತಃ ಸ್ವಲೀನತೆಯುಳ್ಳ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ ವಾದ ಈ ಚರ್ಚೆಯ ದಿಕ್ಕನ್ನು ಬದಲಿಸಿತು. ಸ್ವಲೀನತೆಯುಳ್ಳವರಿಗೆ ಇತರರ ಮನಸ್ಸು ತಿಳಿಯುವುದು ಎಷ್ಟು ಕಷ್ಟವೋ ಇತರರಿಗೆ ಅವರ ಮನಸ್ಸು ತಿಳಿಯುವುದೂ ಅಷ್ಟೇ ಕಷ್ಟ, ಕೊರತೆ ಎರಡೂ ಕಡೆಯದು ಎಂಬುದು ಆ ವಾದ. ಎಡಿನ್‌ಬರೋದ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಯಸ್ಕರು ಒಂದು ಕಥೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದರು. ಎಲ್ಲರಿಗೂ ಸ್ವಲೀನತೆಯಿದ್ದ ಸಾಲಿನಲ್ಲಿ ಕಥೆ, ಸ್ವಲೀನತೆಯಿಲ್ಲದವರ ಸಾಲಿನಲ್ಲಿದ್ದಷ್ಟೇ ಚೆನ್ನಾಗಿ ಉಳಿಯಿತು. ಮಿಶ್ರ ಸಾಲಿನಲ್ಲಿ ಹೆಚ್ಚು ಸೋರಿಹೋಯಿತು. ಪಾಲ್ಗೊಂಡವರೆಲ್ಲ ಮಾತು ಬಲ್ಲವರಾದ್ದರಿಂದ ಇದನ್ನು ಮಾತಿಲ್ಲದವರಿಗೆ ನೇರವಾಗಿ ಅನ್ವಯಿಸಲಾಗದಿದ್ದರೂ, ತಿದ್ದುವ ಹೊಣೆ ಒಂದೇ ಕಡೆಯದಲ್ಲವೆಂಬುದಕ್ಕೆ ಇದು ಬಲ ಕೊಡುತ್ತದೆ.

ಶಾಲೆಗಳ ಅನುಭವವೂ ಅದೇ ಕಡೆ ಬೆರಳು ತೋರುತ್ತದೆ. ಕಸಾರಿ ತಂಡ 2012ರಲ್ಲಿ ಪ್ರಕಟಿಸಿದ, ಸಾಮಾನ್ಯ ತರಗತಿಗಳ 60 ಮಕ್ಕಳ ಅಧ್ಯಯನದಲ್ಲಿ, ಸ್ವಲೀನತೆಯ ಮಗುವಿಗೆ ಪ್ರತ್ಯೇಕವಾಗಿ ಗೆಳೆತನದ ಪಾಠ ಹೇಳುವುದಕ್ಕಿಂತ ಸಹಪಾಠಿಗಳಿಗೆ ತಿಳಿಹೇಳಿದ್ದು ಹೆಚ್ಚು ಫಲ ಕೊಟ್ಟಿತು. ಮಾತಿಲ್ಲದ ಮಗುವಿನ ಸಹಪಾಠಿಗಳು ಕಲಿಯಬೇಕಾದದ್ದು ಹೆಚ್ಚೇನಿಲ್ಲ: ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುವುದು, ಹಲಗೆಯನ್ನು ತಾವೂ ಬಳಸುವುದು, ಮಗುವಿನ ಬಗ್ಗೆ ಅದರ ಜೊತೆಗಿರುವ ದೊಡ್ಡವರನ್ನು ಕೇಳದೆ ಮಗುವನ್ನೇ ಕೇಳುವುದು, ಕಣ್ಣಿಗೆ ಕಣ್ಣಿಟ್ಟು ನೋಡದಿದ್ದರೆ ತಪ್ಪು ತಿಳಿಯದಿರುವುದು. ಜೊತೆಗಿರುವ ಆಯಾ ಅಥವಾ ಶಿಕ್ಷಕಿ ತುಸು ದೂರ ಸರಿಯುವುದೂ ಇಷ್ಟೇ ಮುಖ್ಯ, ಏಕೆಂದರೆ ದೊಡ್ಡವರು ಅಂಟಿಕೊಂಡಿದ್ದರೆ ಮಕ್ಕಳು ಹತ್ತಿರ ಬರುವುದಿಲ್ಲ.

ಈ ಗೆಳೆತನದ ರೂಪ ಬೇರೆಯಿರಬಹುದು. ಅಕ್ಕಪಕ್ಕ ಕೂತು ತಮ್ಮತಮ್ಮ ಕೆಲಸದಲ್ಲಿ ಮುಳುಗಿರುವುದು, ಒಂದೇ ಉಯ್ಯಾಲೆಯನ್ನು ಸರದಿಯಲ್ಲಿ ಆಡುವುದು, ಒಂದೇ ಹಾಡನ್ನು ಹತ್ತು ಸಲ ಜೊತೆಯಾಗಿ ಕೇಳುವುದು ಗೆಳೆತನವೇ. ಅಮೆರಿಕದಲ್ಲಿ 1996ರಿಂದ ನಡೆದ ಆಟ್ರೀಟ್ ಎಂಬ ಸ್ವಲೀನತೆಯುಳ್ಳವರ ಕೂಟದಲ್ಲಿ ಬಣ್ಣದ ಬಿಲ್ಲೆಗಳು ಬಳಕೆಗೆ ಬಂದವು. ಹಸಿರು ಬಿಲ್ಲೆ ತೊಟ್ಟವರನ್ನು ಯಾರಾದರೂ ಮಾತಾಡಿಸಬಹುದು, ಹಳದಿಯವರನ್ನು ಪರಿಚಿತರಷ್ಟೇ, ಕೆಂಪು ತೊಟ್ಟವರನ್ನು ಅವರಾಗಿ ಕರೆಯುವವರೆಗೆ ಯಾರೂ ಮಾತಾಡಿಸಬಾರದು. ಒಂದು ಮಾತೂ ಆಡದೆ ತನ್ನ ಇಚ್ಛೆಯನ್ನು ತಿಳಿಸುವ ಈ ಕ್ರಮ ಮಾತಿಲ್ಲದವರ ಕೂಟಗಳಿಗೂ ಹೊಂದುತ್ತದೆ.

ಹಬ್ಬ, ಬೀದಿ, ಆಟದ ಬಯಲು

ಚೆನ್ನೈಯ ನೆರೆಹೊರೆಯ ಬದುಕಿನಲ್ಲಿ ಸ್ನೇಹಕ್ಕೆ ತಾನಾಗಿ ಒದಗುವ ಸಂದರ್ಭಗಳಿವೆ. ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ಮನೆಗಳಿಗೆ ಹೋದ ಮಕ್ಕಳಿಗೆ ‘ಒಂದು ಹಾಡು ಹೇಳು’ ಎನ್ನುವುದು ವಾಡಿಕೆ. ಕನ್ನಡದವರ ಗೊಂಬೆ ಹಬ್ಬದಲ್ಲೂ ಇದುಂಟು. ಮಾತಿಲ್ಲದ ಮಗು ಇಲ್ಲಿ ಹಿಂದೆ ಸರಿಯಬೇಕಿಲ್ಲ. ಅಕ್ಕನ ದನಿಯಲ್ಲಿ ಹಾಡಿನ ಸೊಲ್ಲನ್ನು ಮುದ್ರಿಸಿದ ಗುಂಡಿಯನ್ನು ತನ್ನ ಸರದಿಯಲ್ಲಿ ಒತ್ತಬಹುದು, ಸುಂಡಲ್ ಹಂಚಬಹುದು. ಇದಕ್ಕೆ ಎದುರಾಗಿ ದೀಪಾವಳಿಯ ಪಟಾಕಿ, ಮದುವೆ ಮಂಟಪದ ನಾದಸ್ವರ ಡೋಲು, ಬಸ್ಸುಗಳ ಹಾರ್ನು ಸದ್ದಿನ ಸೂಕ್ಷ್ಮತೆಯುಳ್ಳವರಿಗೆ ಸಹಿಸಲಸಾಧ್ಯ. ಕಿವಿ ಮುಚ್ಚುವ ಹೆಡ್‌ಫೋನ್, ಜನ ಸೇರುವ ಮೊದಲೇ ಹೋಗಿ ಬೇಗ ಮರಳುವುದು, ‘ಸಾಕು, ಮನೆಗೆ ಹೋಗೋಣ’ ಎಂಬ ಗುಂಡಿ ಹಲವು ಕುಟುಂಬಗಳು ಕಂಡುಕೊಂಡ ಮಾರ್ಗಗಳು.

ಎಲ್ಲ ಮಕ್ಕಳೂ ಸೇರಿ ಆಡುವ ಉದ್ಯಾನಗಳಿಗಾಗಿ ಬೆಂಗಳೂರಿನಲ್ಲಿ ತಂದೆತಾಯಿಯರು ಕಟ್ಟಿದ ‘ಕಿಲಿಕಿಲಿ’ ಸಂಸ್ಥೆ ಕೋಲ್ಸ್ ಪಾರ್ಕ್ ಮುಂತಾದೆಡೆ ನಗರಪಾಲಿಕೆಯೊಡನೆ ಕೆಲಸ ಮಾಡಿತು. ಚೆನ್ನೈಯಲ್ಲಿ ಮರೀನಾ ಕಡಲತೀರದಲ್ಲಿ 2022ರ ನವೆಂಬರಿನಲ್ಲಿ ಗಾಲಿಕುರ್ಚಿ ಹೋಗುವಂತೆ ಮರದ ಹಾದಿ ತೆರೆಯಿತು. ಮರುತಿಂಗಳು ಮ್ಯಾಂಡಸ್ ಚಂಡಮಾರುತಕ್ಕೆ ಹಾಳಾಗಿ ದುರಸ್ತಿಯಾಯಿತು. ಇಂಥ ಸೌಲಭ್ಯಗಳು ಹೆಚ್ಚಾಗಿ ದೇಹದ ಚಲನೆಯ ಅಡ್ಡಿಯನ್ನು ನೋಡುತ್ತವೆ. ಉದ್ಯಾನದ ಗೇಟಿನಲ್ಲಿ ಒಂದು ಚಿತ್ರದ ಹಲಗೆಯನ್ನು ಶಾಶ್ವತವಾಗಿ ನಿಲ್ಲಿಸುವುದು ಅಗ್ಗದ ಕೆಲಸ. ಕೆಲವು ದೇಶಗಳ ಆಟದ ಬಯಲುಗಳಲ್ಲಿ ಇದು ಈಗ ಸಾಮಾನ್ಯ.

ಹರೆಯ ಮತ್ತು ಸುರಕ್ಷತೆ

ಹದಿನೆಂಟು ದಾಟಿದ ಮೇಲೆ ವಿಶೇಷ ಶಾಲೆ ಮುಗಿಯುತ್ತದೆ, ದಿನಚರಿ ಮನೆಯೊಳಗೆ ಸರಿಯುತ್ತದೆ. ಅಲ್ಲಿಯವರೆಗೆ ಇದ್ದ ಅಲ್ಪ ಒಡನಾಟವೂ ಹೋಗುವುದುಂಟು. ಬಾಲ್ಯದ ಚಿತ್ರದ ಹಲಗೆ ಆ ವಯಸ್ಸಿಗೆ ಸಾಲದು. ಸಿನಿಮಾ, ಕ್ರಿಕೆಟ್ಟು, ಸಿಟ್ಟು, ನಾಚಿಕೆ, ಇಷ್ಟಪಟ್ಟವರ ಹೆಸರು, ಸಾವಿನ ಸುದ್ದಿ ಎಲ್ಲಕ್ಕೂ ಪದ ಬೇಕಾಗುತ್ತದೆ.

ಹೇಳಲಾಗದವರ ಮೇಲೆ ದೌರ್ಜನ್ಯ ಸುಲಭವೆಂಬುದು ಕಟು ಸತ್ಯ. ದೇಹದ ಎಲ್ಲ ಅಂಗಗಳ ಹೆಸರು, ‘ಬೇಡ’, ‘ಮುಟ್ಟಬೇಡ’, ‘ನೋವಾಯಿತು’, ‘ಅವರು ಹೀಗೆ ಮಾಡಿದರು’ ಎಂಬ ಮಾತುಗಳು ಹಲಗೆಯಲ್ಲಿ ಇರಲೇಬೇಕೆಂದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಒತ್ತಿ ಹೇಳುತ್ತಾರೆ. ಮಗುವಿನ ‘ಬೇಡ’ವನ್ನು ಸಣ್ಣ ವಿಷಯಗಳಲ್ಲಿ ಮನ್ನಿಸಿದರೆ ಮಾತ್ರ ದೊಡ್ಡ ವಿಷಯದಲ್ಲಿ ಅದು ಹೇಳಲು ಬರುತ್ತದೆ. ಒಬ್ಬರಿಗಿಂತ ಹೆಚ್ಚು ಮಂದಿಗೆ ವ್ಯಕ್ತಿಯ ಸಂಕೇತಗಳು ತಿಳಿದಿರುವುದೂ ರಕ್ಷಣೆಯೇ. ತಾಯಿಗೆ ಮಾತ್ರ ಅರ್ಥವಾಗುವ ಮಗು ತಾಯಿಯಿಲ್ಲದ ದಿನ ನಿಜವಾಗಿ ಮೂಕವಾಗುತ್ತದೆ. ಹೆತ್ತವರ ಕಾಲಾನಂತರದ ಚಿಂತೆಗೆ ಗೆಳೆಯರೂ ಒಂದು ಉತ್ತರ.

ಕಾನೂನು

1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಸ್ವಲೀನತೆ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಮೊದಲು ಹೆಸರಿಸಿತು. ಅದರಡಿಯ ‘ನಿರಾಮಯ’ ಯೋಜನೆ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ನೀಡುತ್ತದೆ. ಅಂಗವಿಕಲರ ಹಕ್ಕುಗಳ ಬಗೆಗಿನ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದಕ್ಕೆ ಅನುಗುಣವಾಗಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಸ್ವಲೀನತೆಯನ್ನೂ ಸೇರಿಸಿದೆ. ಆ ಕಾಯ್ದೆಯ ಪ್ರಕಾರ ಸಂವಹನದಲ್ಲಿ ಪೂರಕ ಮತ್ತು ಪರ್ಯಾಯ ವಿಧಾನಗಳೂ ಸೇರಿವೆ. 17ನೆಯ ಕಲಂ ಶಾಲೆಗಳಲ್ಲಿ ಅವುಗಳ ಬಳಕೆಯನ್ನು ಉತ್ತೇಜಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. ಪ್ರಮಾಣಪತ್ರಕ್ಕಾಗಿ 40 ಅಂಶಗಳ ಭಾರತೀಯ ಸ್ವಲೀನತಾ ಮಾಪನವನ್ನು ಬಳಸುತ್ತಾರೆ. ತಮಿಳುನಾಡಿನಲ್ಲಿ ವಿಶ್ವಬ್ಯಾಂಕಿನ ನೆರವಿನ ‘ರೈಟ್ಸ್’ ಯೋಜನೆ 2022ರಿಂದ ಚಿಕಿತ್ಸೆ ಮತ್ತು ಸೇವೆಗಳನ್ನು ಜನರಿರುವ ಕಡೆಗೇ ಒಯ್ಯಲು ಹೊರಟಿದೆ.

ಇಂದಿನ ಸ್ಥಿತಿ

ನಾಲ್ಕು ದಶಕಗಳಲ್ಲಿ ಚೆನ್ನೈ ಮಾತಿಲ್ಲದವರಿಗೆ ಸಾಧನವನ್ನೂ ತರಬೇತಾದ ಚಿಕಿತ್ಸಕರನ್ನೂ ಒದಗಿಸಿಕೊಂಡಿದೆ. ಕಾನೂನಿನ ಬೆಂಬಲವೂ ಇದೆ. ಸೌಲಭ್ಯ ಕಡಿಮೆಯಿರುವುದು ನಗರದಾಚೆಯ ಕುಟುಂಬಗಳಿಗೆ, ಸರ್ಕಾರಿ ಶಾಲೆಗಳಿಗೆ ಮತ್ತು ವಯಸ್ಕರಿಗೆ. ಆಡುಮಾತಿಗೆ ಹತ್ತಿರವಾದ ಪದಕೋಶ, ಮಕ್ಕಳ ಧ್ವನಿ, ಪ್ರತ್ಯಯಗಳನ್ನು ಸರಿಯಾಗಿ ಹಚ್ಚುವ ತಂತ್ರಾಂಶ ಕನ್ನಡಕ್ಕೂ ತಮಿಳಿಗೂ ಇನ್ನಷ್ಟು ಬೇಕು. ಸ್ನೇಹದ ವಿಷಯದಲ್ಲಿ ಆಗಬೇಕಾದ ಕೆಲಸ ಹೆಚ್ಚಾಗಿ ಇನ್ನೊಂದು ಬದಿಯದು, ಮಗುವಿನ ಸುತ್ತಲಿನವರದು. ಮಗು ವಾರಕ್ಕೆ ಎಷ್ಟು ಪದ ಕಲಿತಿತೆಂದು ಚಿಕಿತ್ಸೆಯ ಕಡತದಲ್ಲಿ ಬರೆದಿಡುವಂತೆ, ಆ ವಾರ ಸಂಬಳಕ್ಕಲ್ಲದೆ ಯಾರೆಲ್ಲ ಅದರೊಡನೆ ಹೊತ್ತು ಕಳೆದರು, ಅವರಲ್ಲಿ ಎಷ್ಟು ಮಂದಿಗೆ ಅದರ ಹಲಗೆಯನ್ನು ಓದಲು ಬರುತ್ತದೆ ಎಂಬುದನ್ನೂ ಬರೆಯುವ ಪದ್ಧತಿ ಬಂದಾಗ ಈ ಎರಡು ವಿಷಯಗಳು, ಸಂವಹನ ಮತ್ತು ಸ್ನೇಹ, ಒಂದೇ ಕೆಲಸದ ಭಾಗಗಳಾಗುತ್ತವೆ.